ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟಾ? ಮಗಳನ್ನು ಮೇಲಿನ ಡಿವಿಷನ್‌ಗೆ ಕಳಿಸುವ ಮೊದಲು

ಮಗಳ ಸಾಫ್ಟ್‌ಬಾಲ್ ಟೂರ್ನಮೆಂಟ್ ಮುಗಿದಿದೆ. ಕುರ್ಚಿ ಮಡಚಿ, ಕೂಲರ್ ಎತ್ತಿಕೊಂಡು ಕಾರಿನ ಕಡೆ ಹೊರಟಿದ್ದೀರಿ. ಆಗ ಮೇಲಿನ ಡಿವಿಷನ್ನಿನ ಕೋಚ್ ಹಿಂದಿನಿಂದ ಬಂದು, "ನಿಮ್ಮ ಮಗಳಿಗೆ ಈ ಆಟ ಸಾಲದು, ಆಗಸ್ಟ್ ಟ್ರೈಔಟ್‌ಗೆ ನಮ್ಮ 12ಯು ಟೀಮಿಗೆ ಕರೆದುಕೊಂಡು ಬನ್ನಿ" ಅನ್ನುತ್ತಾರೆ. (12ಯು ಅಂದರೆ 12 ವರ್ಷದವರೆಗಿನವರ ಡಿವಿಷನ್, 10ಯು ಅಂದರೆ 10 ವರ್ಷದವರೆಗಿನವರದು.) ಅವತ್ತು ರಾತ್ರಿ ಖುಷಿಗೆ ನಿದ್ದೆ ಬರುವುದಿಲ್ಲ. ಮಾರನೇ ದಿನದಿಂದ ಯೋಚನೆಗೆ ಬರುವುದಿಲ್ಲ.

ಆ ಯೋಚನೆಯಲ್ಲಿರುವ ಅಪ್ಪ-ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ನಾನು ಹಾಸನದ ಕಡೆಯವಳು, ಶಾಲೆಯಲ್ಲಿ ಥ್ರೋಬಾಲ್ ಆಡಿ ಬೆಳೆದವಳು, ಬೇಸ್‌ಬಾಲ್‌ನಂಥ ಈ ಸಾಫ್ಟ್‌ಬಾಲ್ ಏನಿದ್ದರೂ ಮಗಳ ಜೊತೆಗೇ ಕಲಿತದ್ದು. ದೊಡ್ಡ ಮಗಳಿಗೆ 10ಯುನಲ್ಲಿ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ 12ಯುಗೆ ಕಳಿಸಿದೆವು. ನಾಲ್ಕು ತಿಂಗಳಿಗೆ ವಾಪಸ್ ಕರೆದುಕೊಂಡು ಬಂದೆವು. ಮುಂದಿನ ವರ್ಷ ಮತ್ತೆ ಹೋದಳು, ಈಗ ಚೆನ್ನಾಗಿ ಆಡುತ್ತಿದ್ದಾಳೆ. ಎರಡು ಸಲ ಕಳಿಸಿದ್ದರಿಂದ ಏನು ನೋಡಬೇಕು, ಯಾರನ್ನು ಏನು ಕೇಳಬೇಕು ಅನ್ನುವುದು ಒಂದಷ್ಟು ಗೊತ್ತಾಯಿತು.

ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ದೊಡ್ಡವರು ಆಡುವಾಗ ಯಾರದೋ ತಂಗಿಯೋ ತಮ್ಮನೋ ಅಳುತ್ತಾ ಬಂದರೆ ಸೇರಿಸಿಕೊಳ್ಳುತ್ತಿದ್ದರಲ್ಲ, ಅವನು ಔಟಾದರೂ ಔಟಲ್ಲ, ಓಡಿದರೂ ರನ್ನಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮೇಲಿನ ಡಿವಿಷನ್ ವಿಷಯ ಬಂದಾಗ ನಾನು ಕೇಳುವುದು ಇದೊಂದೇ. ಅಲ್ಲಿ ನಿಮ್ಮ ಮಗಳು ಲೆಕ್ಕಕ್ಕೆ ಇರುತ್ತಾಳಾ? ಬಾಲ್ ಅವಳ ಹತ್ತಿರ ಬರುತ್ತಾ? ತಪ್ಪು ಮಾಡಿದರೆ ಇನ್ನೊಂದು ಅವಕಾಶ ಸಿಗುತ್ತಾ? ಮಿಕ್ಕ ಪ್ರಶ್ನೆಗಳೆಲ್ಲ ಇದರ ಹಿಂದೆ ಬರುವಂಥವು.

ನಮಗೆ ಇದು ಗೊತ್ತಾದದ್ದು ಒಂದು ಶನಿವಾರ. 12ಯು ಸೇರಿ ಆರು ವಾರ ಆಗಿತ್ತು. ಬಿಸಿಲು ಜೋರಿತ್ತು. ಮಗಳು ಡಗ್‌ಔಟಿನ ಬೆಂಚಿನ ತುದಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಕಡಿಯುತ್ತಿದ್ದಳು. ಉಳಿದವರು ಸಿಪ್ಪೆಯನ್ನು ನೆಲಕ್ಕೆ ಉಗಿಯುತ್ತಿದ್ದರೆ ಇವಳು ಪಕ್ಕದಲ್ಲಿ ಬೆಂಚಿನ ಮೇಲೆ ಒಂದೊಂದೇ ಸಾಲಾಗಿ ಜೋಡಿಸಿ ಇಡುತ್ತಿದ್ದಳು. ಬೇಲಿಯ ಈಚೆಯಿಂದ ನೋಡುತ್ತಿದ್ದೆ. ನಾಲ್ಕನೇ ಇನಿಂಗ್ಸ್ ಹೊತ್ತಿಗೆ ಆ ಸಾಲು ಅವಳ ತೊಡೆಯಿಂದ ಹಿಡಿದು ಬ್ಯಾಟ್ ಬ್ಯಾಗಿನವರೆಗೆ ಬಂದಿತ್ತು. ಕೊನೆಗೆ ರೈಟ್ ಫೀಲ್ಡಿಗೆ ಕಳಿಸಿದರು, ಒಂದು ಬಾಲೂ ಆ ಕಡೆ ಬರಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದವಳು, "ಅಮ್ಮಾ, ಇವತ್ತು ನಾನು ಬಾಲ್ ಮುಟ್ಟಲೇ ಇಲ್ಲ" ಅಂದಳು. ಅಳಲಿಲ್ಲ. ಅಳದೆ ಹೇಳಿದ್ದೇ ನನಗೆ ಜಾಸ್ತಿ ನೋವಾಯಿತು. ಹಿಂದಿನ ವರ್ಷ ಇದೇ ಹುಡುಗಿ 10ಯುನಲ್ಲಿ ಸೆಕೆಂಡ್, ಥರ್ಡ್ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆಡುತ್ತಾ, ನಡುನಡುವೆ ಪಿಚ್ ಮಾಡುತ್ತಾ (ಅಂದರೆ ಬ್ಯಾಟರ್‌ಗೆ ಬಾಲ್ ಎಸೆಯುತ್ತಾ), ಪ್ರತಿ ಆಟ ಮುಗಿದ ಮೇಲೆ ತಲೆಯಿಂದ ಕಾಲಿನವರೆಗೂ ಮಣ್ಣಾಗಿ ಬರುತ್ತಿದ್ದಳು.

ಮೊದಲು ಅವಳ ಹುಟ್ಟಿದ ದಿನ ನೋಡಿ

ಇದು ಬಹಳ ಜನ ಬಿಟ್ಟುಬಿಡುವ ವಿಷಯ. ಇಲ್ಲಿ ಡಿವಿಷನ್‌ಗಳು ಎರಡೆರಡು ವರ್ಷದವು, 8ಯು, 10ಯು, 12ಯು, 14ಯು ಹೀಗೆ ಹೋಗುತ್ತವೆ. ಲಿಟಲ್ ಲೀಗ್ ಅನ್ನುವ ಮಕ್ಕಳ ಆಟದ ಸಂಸ್ಥೆಯಲ್ಲಾದರೆ ಮೈನರ್ಸ್, ಮೇಜರ್ಸ್ ಅಂತ ಹೆಸರು. ಪ್ರತಿ ಸಂಸ್ಥೆಗೂ ವಯಸ್ಸು ಲೆಕ್ಕ ಹಾಕುವ ಒಂದು ಕಟ್‌ಆಫ್ ತಾರೀಕು ಇರುತ್ತದೆ. ಎಲ್ಲರದ್ದೂ ಒಂದೇ ಅಲ್ಲ, ಹಾಗಾಗಿ ನಿಮ್ಮ ಲೀಗಿನ ಈ ವರ್ಷದ ರೂಲ್‌ಬುಕ್ ತೆಗೆದು ನೋಡಿ, ಪಕ್ಕದ ಮನೆಯವರ ಮಾತಿನ ಮೇಲೆ ಹೋಗಬೇಡಿ.

ಈಗ ನಮ್ಮೂರಿನ ಕ್ಲಾಸ್‌ರೂಮ್ ನೆನಪು ಮಾಡಿಕೊಳ್ಳಿ. ಒಂದೇ ಕ್ಲಾಸಿನಲ್ಲಿ ಜೂನ್‌ನಲ್ಲಿ ಹುಟ್ಟಿದವಳೂ ಇರುತ್ತಾಳೆ, ಮುಂದಿನ ಮೇ ತಿಂಗಳಲ್ಲಿ ಹುಟ್ಟಿದವಳೂ ಇರುತ್ತಾಳೆ. ಇಬ್ಬರಿಗೂ ಹನ್ನೊಂದು ತಿಂಗಳ ಅಂತರ. ದೊಡ್ಡವರಿಗೆ ಅದು ಏನೂ ಅಲ್ಲ. ಹತ್ತು ವರ್ಷದ ಮಗುವಿಗೆ ಅದು ಇಡೀ ಆಯಸ್ಸಿನ ಹತ್ತರಲ್ಲಿ ಒಂದು ಭಾಗ. ಕಟ್‌ಆಫ್ ದಾಟಿದ ಮರುವಾರ ಹುಟ್ಟಿದವಳು ತನ್ನ ವರ್ಷದವರಲ್ಲಿ ಎಲ್ಲರಿಗಿಂತ ದೊಡ್ಡವಳು, ಅವಳ ತೋಳಿಗೆ ಜೋರು ಜಾಸ್ತಿ, ಓಟವೂ ಜಾಸ್ತಿ, ಕೋಚ್ ಹೇಳಿದ್ದು ಬೇಗ ಅರ್ಥವಾಗುತ್ತದೆ, ಹಾಗಾಗಿ ಅವಳೇ ಎಲ್ಲರ ಕಣ್ಣಿಗೆ ಬೀಳುತ್ತಾಳೆ. ಅದು ಪ್ರತಿಭೆಯೂ ಇರಬಹುದು, ಬರೀ ಹುಟ್ಟಿದ ತಿಂಗಳೂ ಇರಬಹುದು.

ಪರೀಕ್ಷೆ ಮಾಡುವ ದಾರಿ ಸುಲಭ. ಅವಳ ಆಟದಲ್ಲಿ ಯಾವುದು ಮೈಕಟ್ಟಿನಿಂದ ಬಂದದ್ದು, ಯಾವುದು ಕಲಿತು ಬಂದದ್ದು ಅಂತ ಬಿಡಿಸಿ ನೋಡಿ. ಬಾಲ್ ಜೋರಾಗಿ ಎಸೆಯುತ್ತಾಳೆ ಅನ್ನುವುದು ಮೈಕಟ್ಟು. ರನ್ನರ್ ಸೆಕೆಂಡ್ ಬೇಸಿನಲ್ಲಿದ್ದಾಗ ಬಾಲ್ ತನ್ನ ಕೈಗೆ ಬರುವ ಮೊದಲೇ ಎಲ್ಲಿಗೆ ಎಸೆಯಬೇಕು ಅಂತ ಯೋಚಿಸಿಕೊಂಡಿರುತ್ತಾಳೆ ಅನ್ನುವುದು ಆಟದ ತಿಳುವಳಿಕೆ. ಮೊದಲನೆಯದು ಮೇಲೆ ಹೋದ ದಿನವೇ ಕರಗಿಹೋಗುತ್ತದೆ, ಯಾಕೆಂದರೆ ಅಲ್ಲಿ ಎಲ್ಲರೂ ಅವಳಿಗಿಂತ ದೊಡ್ಡವರು. ಎರಡನೆಯದು ಅವಳ ಜೊತೆಗೇ ಹೋಗುತ್ತದೆ.

ಇನ್ನೊಂದು ಲೆಕ್ಕ. 10ಯುನ ಮೊದಲ ವರ್ಷ ಮುಗಿಸಿ, ಎರಡನೇ ವರ್ಷ ಬಿಟ್ಟು ನೇರ 12ಯುಗೆ ಹೋದರೆ, ಅವಳು ಎದುರಿಸುವ ಪಿಚರ್‌ಗಳಲ್ಲಿ ಕೆಲವರು ಅವಳಿಗಿಂತ ಎರಡೂವರೆ, ಮೂರು ವರ್ಷ ದೊಡ್ಡವರು. ನಮ್ಮ ಅಮ್ಮ ಫೋನಿನಲ್ಲಿ ಇದನ್ನು ಕೇಳಿ, "ಡಬಲ್ ಪ್ರಮೋಷನ್ ಕೊಟ್ಟ ಹಾಗಾಯಿತು" ಅಂದರು. ಸರಿಯಾದ ಮಾತು. ಒಂದನೇ ಕ್ಲಾಸಿನಿಂದ ಮೂರಕ್ಕೆ ಹಾರಿಸಿದ ಮಕ್ಕಳಲ್ಲಿ ಕೆಲವರು ಚೆನ್ನಾಗಿಯೇ ಓದಿದರು, ಕೆಲವರಿಗೆ ಮಗ್ಗಿ ಕೊನೆಯವರೆಗೂ ತೊಡಕಾಯಿತು. ಬಿಟ್ಟುಹೋಗುವ ಆ ಎರಡನೇ ವರ್ಷಕ್ಕೂ ಒಂದು ಬೆಲೆ ಇದೆ. ಟೀಮಿನಲ್ಲಿ ದೊಡ್ಡವಳಾಗಿ, ಚಿಕ್ಕವರು ತನ್ನನ್ನು ನೋಡಿ ಕಲಿಯುವಂತೆ ಆಡುವುದು, ಸೋಲುವ ಹೊತ್ತಿನಲ್ಲಿ ಬಾಲ್ ತನ್ನ ಕೈಗೆ ಬರಲಿ ಅಂತ ಕಾಯುವುದು, ಇದನ್ನೆಲ್ಲ ಯಾವಾಗಲೂ ಚಿಕ್ಕವಳಾಗಿಯೇ ಇದ್ದರೆ ಕಲಿಯುವುದು ಕಷ್ಟ.

ಮೇಲೆ ಹೋದರೆ ಏನೇನು ಬದಲಾಗುತ್ತದೆ

10ಯುನಿಂದ 12ಯುಗೆ ಹೋಗುವುದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಅಂತ ನನ್ನ ಅನಿಸಿಕೆ, ಯಾಕೆಂದರೆ ಅಲ್ಲಿ ಬಾಲೇ ಬೇರೆ. 10ಯುನಲ್ಲಿ 11 ಇಂಚು ಸುತ್ತಳತೆಯ ಬಾಲ್, 12ಯುನಿಂದ ಮುಂದೆ 12 ಇಂಚಿನದು. ಒಂದು ಇಂಚು ತಾನೇ ಅನ್ನಬೇಡಿ. ಕ್ರಿಕೆಟ್ ಬಾಲ್ ಸುತ್ತಳತೆ 9 ಇಂಚಿನ ಆಸುಪಾಸು, ಅದಕ್ಕೆ ಹೋಲಿಸಿದರೆ 12 ಇಂಚಿನದು ಒಂದು ಚಿಕ್ಕ ತೆಂಗಿನಕಾಯಿ ಹಿಡಿದ ಹಾಗಿರುತ್ತದೆ. ತೂಕವೂ ಸುಮಾರು 6 ಔನ್ಸಿನಿಂದ 7ರ ಹತ್ತಿರಕ್ಕೆ ಹೋಗುತ್ತದೆ. ಕೈ ಚಿಕ್ಕದಿದ್ದರೆ ಬೆರಳಲ್ಲಿ ಹಿಡಿಯಲು ಆಗದೆ ಅಂಗೈಯಲ್ಲಿ ಇಟ್ಟು ತಳ್ಳುವ ಹಾಗೆ ಎಸೆಯುತ್ತಾರೆ. ಮೊಣಕೈ ಕೆಳಗೆ ಬೀಳುತ್ತದೆ, ಭುಜದ ಮೇಲೆ ಭಾರ ಬೀಳುತ್ತದೆ. ಎರಡು ವರ್ಷ ಕಷ್ಟಪಟ್ಟು ಕಲಿತ ಎಸೆತ ಎರಡು ತಿಂಗಳಲ್ಲಿ ಕೆಡುವುದನ್ನು ಕಣ್ಣಾರೆ ನೋಡಿದ್ದೇನೆ.

ಪಿಚಿಂಗ್ ದೂರ 35 ಅಡಿಯಿಂದ 40 ಅಡಿಗೆ ಹೋಗುತ್ತದೆ. 14ಯುನಲ್ಲಿ 43 ಅಡಿ. ಬೇಸುಗಳ ನಡುವಿನ ದೂರ ಮಾತ್ರ ಅದೇ 60 ಅಡಿ. ಇದರಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಬ್ಯಾಟ್ ಹಿಡಿದವಳಿಗೆ ವೇಗ ಹೆಚ್ಚಾದಂತೆ ದೂರವೂ ಹೆಚ್ಚಾಗುತ್ತದೆ. 35 ಅಡಿಯಿಂದ ಗಂಟೆಗೆ 40 ಮೈಲಿ ವೇಗದಲ್ಲಿ ಬರುವ ಬಾಲ್ ತಲುಪಲು ಸುಮಾರು 0.60 ಸೆಕೆಂಡ್. 40 ಅಡಿಯಿಂದ 50 ಮೈಲಿ ವೇಗದಲ್ಲಿ ಬಂದರೆ ಸುಮಾರು 0.55. ಕಷ್ಟವೇ, ಆದರೆ ಒಂದಷ್ಟು ಅಭ್ಯಾಸ ಮಾಡಿದರೆ ಹೊಂದಿಕೊಳ್ಳಬಹುದು. ನನಗೆ ಜಾಸ್ತಿ ಚಿಂತೆ ಬೇಸುಗಳ ಸುತ್ತಲಿನ, ಬ್ಯಾಟರ್‌ಗೆ ಹತ್ತಿರದ ಇನ್‌ಫೀಲ್ಡಿನದು. ಥರ್ಡ್ ಬೇಸಿನಲ್ಲಿ ಬಂಟ್ (ಬ್ಯಾಟ್ ಬೀಸದೆ ಮೆಲ್ಲಗೆ ತಟ್ಟಿದ ಬಾಲ್) ಕಾಯುತ್ತಾ ಮುಂದೆ ಬಂದು ನಿಂತವಳಿಗೆ ದೂರ ಒಂದಡಿಯೂ ಹೆಚ್ಚಾಗಿಲ್ಲ, ಆದರೆ ಬ್ಯಾಟ್ ಬೀಸುತ್ತಿರುವವಳು ಈಗ ಏಳನೇ ಕ್ಲಾಸಿನ ಹುಡುಗಿ. ಅದೇ ಥರ್ಡ್ ಬೇಸಿನಿಂದ ಫಸ್ಟ್ ಬೇಸಿಗೆ ಎಸೆಯಲು ಸುಮಾರು 85 ಅಡಿ, ಅದೂ ದೊಡ್ಡ ಬಾಲಿನಲ್ಲಿ. ಓಡುವವಳು ಮೊದಲಿಗಿಂತ ಚುರುಕು.

ಹಾಗಾಗಿ ಮೇಲೆ ಕಳಿಸುವುದಾದರೆ ಫೇಸ್ ಮಾಸ್ಕ್ ಇಲ್ಲದೆ ಇನ್‌ಫೀಲ್ಡಿಗೆ ಬಿಡಬೇಡಿ. ಪಿಚರ್ ಆದರೂ ಅಷ್ಟೇ. ಟೀಮಿನ ಬೇರೆಯವರು ಹಾಕಲ್ಲ ಅಂತ ಮಗಳು ಮುಖ ಸಪ್ಪಗೆ ಮಾಡಿದರೂ ಈ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ.

ರೂಲುಗಳೂ ಬದಲಾಗುತ್ತವೆ. 10ಯುನಲ್ಲಿ ಬಹಳ ಲೀಗುಗಳು ಬೇಸ್ ಕದಿಯುವುದಕ್ಕೆ, ಅಂದರೆ ಬ್ಯಾಟರ್ ಹೊಡೆಯದೆಯೇ ರನ್ನರ್ ಮುಂದಿನ ಬೇಸಿಗೆ ಓಡುವುದಕ್ಕೆ (ಸ್ಟೀಲ್), ಮಿತಿ ಹಾಕಿರುತ್ತವೆ, ರನ್ ಸಿಗುವ ಕೊನೆಯ ಬೇಸ್ ಹೋಮ್ ಕದಿಯಲು ಬಿಡುವುದಿಲ್ಲ. 12ಯುನಲ್ಲಿ ಪಿಚರ್ ಕೈಯಿಂದ ಬಾಲ್ ಬಿಟ್ಟ ಕ್ಷಣ ರನ್ನರ್ ಹೊರಟಿರುತ್ತಾಳೆ. ಬ್ಯಾಟರ್ ಔಟಾಗಬೇಕಾದ ಮೂರನೇ ಸ್ಟ್ರೈಕ್ ಬಾಲ್ ಅವಳ ಹಿಂದೆ ಕೂತ ಕ್ಯಾಚರ್ ಕೈಯಿಂದ ಜಾರಿದರೆ, ಫಸ್ಟ್ ಬೇಸ್ ಖಾಲಿ ಇದ್ದಾಗ ಬ್ಯಾಟರ್ ಅಲ್ಲಿಗೆ ಓಡಬಹುದು. ಬುದ್ಧಿಯಿಂದ ಆಡುವ ಮಗುವಿಗೆ ಇದು ಹಬ್ಬ. ನಿಮ್ಮ ಮಗಳು ಆಟ ಮುಗಿದ ಮೇಲೂ "ಆಗ ನಾನು ಥರ್ಡಿಗೆ ಹೋಗಬಹುದಿತ್ತು ಅಲ್ವಾ" ಅಂತ ಊಟದ ತಟ್ಟೆ ಮುಂದೆ ಉಪ್ಪಿನ ಡಬ್ಬಿ, ಲೋಟ ಇಟ್ಟು ತೋರಿಸುವವಳಾದರೆ, ಅದನ್ನು ಮೇಲೆ ಹೋಗಲು ಸಿದ್ಧವಾಗುತ್ತಿರುವ ಗುರುತು ಅಂತ ತಿಳಿಯಿರಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಒಂದು 12 ಇಂಚಿನ ಬಾಲ್ ತನ್ನಿ. ಖರ್ಚು ಅಷ್ಟೇ. ಒಂದು ತಿಂಗಳು ಮನೆಯಲ್ಲಿ, ಪಾರ್ಕಿನಲ್ಲಿ ಅದರಲ್ಲೇ ಕ್ಯಾಚ್ ಆಡಿಸಿ. ಮೊದಲ ದಿನ ಕೈಯಲ್ಲಿ ಹಿಡಿಸಿ ನೋಡಿ. ಬೆರಳ ತುದಿಗಳು ಹೊಲಿಗೆ ಮೇಲೆ ಕೂತು, ಬಾಲಿಗೂ ಅಂಗೈಗೂ ನಡುವೆ ಸ್ವಲ್ಪ ಜಾಗ ಕಾಣಬೇಕು. ನಮ್ಮವಳು ಮೊದಲ ಸಲ ಹಿಡಿದಾಗ ನಾಲ್ಕೂ ಬೆರಳು ಹರಡಿಕೊಂಡು, ಹೆಬ್ಬೆರಳು ಪಕ್ಕಕ್ಕೆ ಜಾರಿ, ಬಾಲ್ ಪೂರ್ತಿ ಅಂಗೈಗೆ ಅಂಟಿಕೊಂಡಿತ್ತು. ಆಗ ನಾನು ನೋಡಿಯೂ ನೋಡಲಿಲ್ಲ. ಒಂದು ವರ್ಷದ ಮೇಲೆ ಅದೇ ಬಾಲನ್ನು ಮೂರು ಬೆರಳಲ್ಲಿ ಎತ್ತಿ ಹಿಡಿದು ತಿರುಗಿಸಿ ತೋರಿಸಿದಳು.

ಆಮೇಲೆ 85 ಅಡಿ ಅಳೆದು ನಿಲ್ಲಿಸಿ. ಹತ್ತು ಸಲ ಎಸೆಯಲಿ. ಎಷ್ಟು ದೂರ ಹೋಯಿತು ಅನ್ನುವುದಕ್ಕಿಂತ ಏಳನೇ ಎಸೆತದಲ್ಲಿ ಅವಳ ಭುಜ ಹೇಗಿದೆ ಅಂತ ನೋಡಿ. ಮೊದಲ ಮೂರು ಎಲ್ಲರೂ ಚೆನ್ನಾಗಿ ಎಸೆಯುತ್ತಾರೆ. ಪಿಚರ್ ಆದರೆ 40 ಅಡಿಯಿಂದ ಒಂದು ಬಕೆಟ್ ಬಾಲ್ ಪೂರ್ತಿ ಹಾಕಿಸಿ. ಬಾಲ್ ಬ್ಯಾಟರ್ ಮುಂದಿನ ಪ್ಲೇಟ್ ತಲುಪುವ ಮೊದಲೇ ಬೀಳುತ್ತಿದೆ, ಅದನ್ನು ತಲುಪಿಸಲು ಮೈ ಮುಂದಕ್ಕೆ ಬಗ್ಗಿಸುತ್ತಿದ್ದಾಳೆ ಅಂದರೆ ಈಗ ಬೇಡ. ಬ್ಯಾಟ್ ಬಗ್ಗೆ ಒಂದು ಮಾತು. ಮೇಲೆ ಹೋಗುತ್ತಿದ್ದಾಳೆ ಅಂತ ಉದ್ದದ, ಭಾರದ ಬ್ಯಾಟ್ ತಕ್ಷಣ ಕೊಡಿಸಬೇಡಿ. 29 ಇಂಚಿನ ಡ್ರಾಪ್ 11 ಬ್ಯಾಟ್ ಅಂದರೆ, ಇಂಚಿನ ಸಂಖ್ಯೆಯಿಂದ 11 ಕಳೆದು, 18 ಔನ್ಸ್ ತೂಕ. ಅದರಲ್ಲೇ ಸಲೀಸಾಗಿ ಬೀಸುತ್ತಿದ್ದರೆ ಅದೇ ಇರಲಿ, ಪಿಚ್ ವೇಗ ಹೆಚ್ಚಾದಾಗ ಬ್ಯಾಟ್ ಬೇಗ ಬರುವುದು ಮುಖ್ಯ.

ಇನ್ನೊಂದು, ಅವಳನ್ನು ಕರೆದುಕೊಂಡು ಹೋಗಿ ಒಂದು 12ಯು ಆಟ ಪೂರ್ತಿ ನೋಡಿ. ಏನೂ ಹೇಳಬೇಡಿ. ಅವಳು ಬೇಲಿಗೆ ಮುಖ ಅಂಟಿಸಿಕೊಂಡು ನೋಡುತ್ತಾಳಾ, ಅಥವಾ ಎರಡನೇ ಇನಿಂಗ್ಸಿಗೆ ಸ್ನ್ಯಾಕ್ ಸ್ಟ್ಯಾಂಡಿನ ಕಡೆ ಹೊರಡುತ್ತಾಳಾ ಅನ್ನುವುದರಲ್ಲಿ ಬಹಳ ತಿಳಿಯುತ್ತದೆ.

ಕೋಚ್ ಹತ್ತಿರ ಕೇಳಬೇಕಾದ್ದು

ಕೇಳಲು ಸಂಕೋಚ ಬೇಡ. ನಾವು ಊರಿನಿಂದ ಬಂದವರು, ಗುರುಗಳ ಹತ್ತಿರ ಎದುರು ಪ್ರಶ್ನೆ ಕೇಳಿ ಅಭ್ಯಾಸ ಇಲ್ಲ, ನಾನೂ ಮೊದಲ ಸಲ ಥ್ಯಾಂಕ್ಯೂ ಅಂತ ಹೇಳಿ ಫಾರ್ಮ್ ತುಂಬಿದೆ. ಒಳ್ಳೆಯ ಕೋಚ್‌ಗೆ ಪ್ರಶ್ನೆ ಕೇಳಿದರೆ ಖುಷಿಯೇ ಆಗುತ್ತದೆ. ಈಗಾಗಲೇ ಟೀಮಿನಲ್ಲಿ ಎಷ್ಟು ಜನ ಇದ್ದಾರೆ? ಇವಳನ್ನು ಕರೆಯುತ್ತಿರುವುದು ಇವಳ ಆಟಕ್ಕಾ, ಹನ್ನೊಂದನೆಯವಳು ಸಿಗಲಿಲ್ಲ ಅಂತಾನಾ? ಯಾವ ಪೊಸಿಷನ್ನಿಗೆ ಯೋಚಿಸಿದ್ದೀರಿ, ಅದೇ ಪೊಸಿಷನ್ನಿಗೆ ಇನ್ನು ಎಷ್ಟು ಜನ ಇದ್ದಾರೆ? ಭಾನುವಾರದ ಬ್ರಾಕೆಟ್ ಆಟದಲ್ಲಿ ಇವಳು ಮೈದಾನದಲ್ಲಿ ಇರುತ್ತಾಳಾ? ಎಲ್ಲರೂ ಬ್ಯಾಟ್ ಮಾಡುತ್ತಾರಾ, ಬರೀ ಒಂಬತ್ತು ಜನಾನಾ?

ಭಾನುವಾರದ ಪ್ರಶ್ನೆಯನ್ನು ಮರೆಯಬೇಡಿ. ಶನಿವಾರದ ಪೂಲ್ ಆಟಗಳಲ್ಲಿ ಎಲ್ಲರಿಗೂ ಅವಕಾಶ ಸಿಗುತ್ತದೆ. ಸೋತರೆ ಮನೆಗೆ ಅನ್ನುವ ಭಾನುವಾರ ಕೋಚ್ ಯಾರನ್ನು ನಂಬುತ್ತಾರೆ ಅನ್ನುವುದು ಹೊರಗೆ ಬರುತ್ತದೆ. "ನೋಡೋಣ, ಅವಳು ಕಷ್ಟಪಟ್ಟರೆ ಸಿಗುತ್ತೆ" ಅನ್ನುವ ಉತ್ತರ ಬಂದರೆ ನನ್ನ ಲೆಕ್ಕದಲ್ಲಿ ಅದು ಇಲ್ಲ ಅಂತಲೇ. "ಸೆಕೆಂಡ್ ಬೇಸಿನಲ್ಲಿ ಇವಳು ಎರಡನೆಯವಳು, ವಾರಕ್ಕೆ ಇಷ್ಟು ಇನಿಂಗ್ಸ್ ಕೊಡುತ್ತೇನೆ, ಬಾಲ್ ಎಸೆಯುವುದರಲ್ಲಿ ಇಂಥದ್ದು ಸುಧಾರಿಸಬೇಕು" ಅಂತ ಬಿಡಿಸಿ ಹೇಳುವವರು ನಿಮ್ಮ ಮಗಳ ಆಟವನ್ನು ನಿಜವಾಗಿ ನೋಡಿದ್ದಾರೆ.

ಮತ್ತೆ, ಸರಿಹೋಗದಿದ್ದರೆ ವಾಪಸ್ ಬರಲು ದಾರಿ ಇದೆಯಾ ಅಂತ ಸೇರುವ ಮೊದಲೇ ಕೇಳಿ. ರೋಸ್ಟರಿನಲ್ಲಿ ಹೆಸರು ಸೇರಿದ ಮೇಲೆ ಸೀಸನ್ ನಡುವೆ ಬದಲಾಯಿಸಲು ಕೆಲವು ಕಡೆ ಬಿಡುವುದಿಲ್ಲ. ನಮಗೆ ಅದು ಫಾಲ್ ಬಾಲ್, ಅಂದರೆ ಶರತ್ಕಾಲದ ಸೀಸನ್, ಆಗಿದ್ದರಿಂದ ಡಿಸೆಂಬರಿಗೆ ಸುಲಭವಾಗಿ ಹೊರಗೆ ಬರಲು ಆಯಿತು, ವಸಂತದ ಸೀಸನ್ನಿಗೆ 10ಯುನಲ್ಲಿ ಹೆಸರು ಕೊಟ್ಟೆವು. ವಸಂತದಲ್ಲೇ ಮೇಲೆ ಕಳಿಸಿದ್ದರೆ ಜೂನ್‌ವರೆಗೆ ಬೆಂಚಿನಲ್ಲೇ ಕೂರಬೇಕಿತ್ತು.

ಅದಕ್ಕೇ ಹೇಳುವುದು, ಪ್ರಯತ್ನ ಮಾಡುವುದಾದರೆ ಫಾಲ್‌ನಲ್ಲಿ ಮಾಡಿ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಡೆಯುವ ಈ ಆಟಗಳಿಗೆ ಅಷ್ಟು ಬಿಗಿ ಇರುವುದಿಲ್ಲ, ಕೋಚ್‌ಗಳೂ ಮಕ್ಕಳನ್ನು ಬೇರೆ ಬೇರೆ ಜಾಗದಲ್ಲಿ ಆಡಿಸಿ ನೋಡುತ್ತಾರೆ. ರಾಜ್ಯೋತ್ಸವದ ಹೊತ್ತಿಗೆ ಕನ್ನಡ ಕೂಟದ ಡ್ಯಾನ್ಸ್ ಪ್ರಾಕ್ಟೀಸ್ ಜೊತೆ ಹೊಡೆದಾಟ ಆಗುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳಿ. ಅಷ್ಟೂ ಬೇಡ ಅನ್ನಿಸಿದರೆ ನಡುವಿನ ದಾರಿಗಳಿವೆ. ತನ್ನ ಟೀಮಿನಲ್ಲೇ ಇದ್ದುಕೊಂಡು ವಾರಕ್ಕೊಂದು ದಿನ ಮೇಲಿನವರ ಜೊತೆ ಪ್ರಾಕ್ಟೀಸ್ ಮಾಡುವುದು. ಅವರಿಗೆ ಜನ ಕಡಿಮೆಯಾದ ವಾರ, ಲೀಗ್ ಒಪ್ಪಿದರೆ, ಗೆಸ್ಟ್ ಪ್ಲೇಯರ್ ಆಗಿ ಹೋಗುವುದು. ಊರಿನ ರೆಕ್ ಲೀಗಿನಲ್ಲಿ ತನ್ನ ವಯಸ್ಸಿನವರ ಜೊತೆ ಆಡುತ್ತಾ, ಬೇರೆ ಊರುಗಳಿಗೆ ಹೋಗಿ ಟೂರ್ನಮೆಂಟ್ ಆಡುವ ಟ್ರಾವೆಲ್ ಬಾಲಿನಲ್ಲಿ ಮಾತ್ರ ಮೇಲೆ ಆಡುವುದು. ನಮ್ಮವಳು ವಾಪಸ್ ಬಂದ ಮೇಲೆ ಮೊದಲನೆಯದನ್ನೇ ಮಾಡಿದಳು. ಗುರುವಾರ ಸಂಜೆ ದೊಡ್ಡವರ ಜೊತೆ ನೆಲದ ಮೇಲೆ ಉರುಳಿ ಬರುವ ಬಾಲ್ (ಗ್ರೌಂಡರ್) ಹಿಡಿದು, ಶನಿವಾರ ತನ್ನ ಟೀಮಿನಲ್ಲಿ ಶಾರ್ಟ್‌ಸ್ಟಾಪ್. ಆ ಆರು ತಿಂಗಳಲ್ಲಿ ಕಲಿತಷ್ಟು ಅವಳು ಬೇರೆ ಯಾವಾಗಲೂ ಕಲಿತಿಲ್ಲ.

ಪೊಸಿಷನ್ ಮೇಲೂ ತೀರ್ಮಾನ ಬದಲಾಗುತ್ತದೆ. ಪಿಚರ್ ಆದರೆ ನಾನು ಮೇಲೆ ಕಳಿಸಲು ಎಲ್ಲರಿಗಿಂತ ಹಿಂದೆ ಮುಂದೆ ನೋಡುತ್ತೇನೆ. ಪಿಚಿಂಗ್ ಬರುವುದು ಆಟದಲ್ಲಿ, ನಿಜವಾದ ಬ್ಯಾಟರ್ ಎದುರು, ಬೇಸುಗಳು ತುಂಬಿರುವಾಗ ಪಿಚ್ ಮಾಡಿ. ಮೇಲಿನ ಟೀಮಿನಲ್ಲಿ ಮೂರನೇ ಪಿಚರ್ ಆಗಿ ವಾರಕ್ಕೊಂದು ಇನಿಂಗ್ಸ್ ಹಾಕುವುದಕ್ಕಿಂತ ಇಲ್ಲಿ ಮೊದಲನೆಯವಳಾಗಿ ಹತ್ತು ಹಾಕಲಿ. ಕ್ಯಾಚರ್ ಆದರೆ ಉಲ್ಟಾ, ಮೈಯಲ್ಲಿ ಶಕ್ತಿ ಇದ್ದು ಹೆದರಿಕೆ ಇಲ್ಲದಿದ್ದರೆ ಸ್ವಲ್ಪ ಬೇಗ ಹೋಗಬಹುದು, ಯಾಕೆಂದರೆ ಕದಿಯುವ ರನ್ನರ್‌ಗಳೂ ವೇಗದ ಪಿಚರ್‌ಗಳೂ ಸಿಗುವುದು ಅಲ್ಲೇ, ಮತ್ತು ಒಳ್ಳೆಯ ಕ್ಯಾಚರ್‌ನ ಯಾರೂ ಬೆಂಚಿನಲ್ಲಿ ಕೂರಿಸುವುದಿಲ್ಲ.

ಮೈ ಮತ್ತು ಮನಸ್ಸು

ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಒಂದೇ ವರ್ಷದಲ್ಲಿ ಎರಡು ಮೂರು ಇಂಚು ಉದ್ದವಾಗುತ್ತಾರೆ. ಉದ್ದವಾದಾಗ ಕೆಲವು ತಿಂಗಳು ಓಟ, ಎಸೆತ ಎಲ್ಲ ಸಡಿಲವಾಗುತ್ತದೆ, ಮಂಡಿ ನೋವು ಅನ್ನುತ್ತಾರೆ. ಆ ಹೊತ್ತಿನಲ್ಲಿ ಮೇಲೆ ಕಳಿಸಬೇಡಿ, ಸ್ವಲ್ಪ ಕಾಯಿರಿ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ವಾರಕ್ಕೆ ಒಂದೆರಡು ದಿನ ಮತ್ತು ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಕೊಡಿ ಅನ್ನುತ್ತದೆ. ಆ ಮೂರು ತಿಂಗಳು ಒಟ್ಟಿಗೇ ಆಗಬೇಕಿಲ್ಲ, ಒಂದೊಂದು ತಿಂಗಳಾಗಿ ಹಂಚಬಹುದು. ಎರಡು ಟೀಮಿನಲ್ಲಿ ಹೆಸರಿದ್ದರೆ ಈ ಬಿಡುವೇ ಮೊದಲು ಹೋಗುವುದು. ಪಿಚರ್‌ಗಳ ಅಪ್ಪ-ಅಮ್ಮಂದಿರು ಇನ್ನೂ ಹುಷಾರಾಗಿರಬೇಕು. ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ 9-10 ವಯಸ್ಸಿನವರು ದಿನಕ್ಕೆ 75 ಪಿಚ್ ದಾಟುವ ಹಾಗಿಲ್ಲ. ಸಾಫ್ಟ್‌ಬಾಲ್‌ನಲ್ಲಿ ಕೆಳಗಿನಿಂದ ಎಸೆಯುವುದು ಅಂತ ಅಂಥ ಲೆಕ್ಕ ಇಡದ ಟೂರ್ನಮೆಂಟುಗಳೇ ಜಾಸ್ತಿ. ಲೆಕ್ಕ ನೀವೇ ಇಡಿ. ಭುಜ ನೋವು ಅಂದರೆ ಐಸ್ ಇಟ್ಟು ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ.

ಮನಸ್ಸಿನ ವಿಷಯಕ್ಕೆ ಬಂದರೆ, 12ಯುನ ದೊಡ್ಡ ಹುಡುಗಿಯರು ಮಿಡ್ಲ್ ಸ್ಕೂಲಿನವರು. ಅವರ ಕೈಯಲ್ಲಿ ಫೋನ್ ಇರುತ್ತದೆ, ಟೀಮಿನ ಗ್ರೂಪ್ ಚಾಟ್ ಇರುತ್ತದೆ, ಮಾತುಗಳೇ ಬೇರೆ. ನಾಲ್ಕನೇ ಕ್ಲಾಸಿನ ಮಗು ಅವರ ನಡುವೆ ಕೂತು ಅರ್ಧ ಅರ್ಥವಾಗದ ಮಾತಿಗೆ ನಕ್ಕು ಬರುತ್ತದೆ. ಅವರು ಕೆಟ್ಟವರಲ್ಲ. ಬೇರೆ ವಯಸ್ಸಿನವರು, ಅಷ್ಟೇ. ಆ ಟೀಮಿನಲ್ಲಿ ಇವಳ ವಯಸ್ಸಿನ ಇನ್ನೊಬ್ಬಳು ಇದ್ದರೆ ಅರ್ಧ ಭಾರ ಇಳಿದ ಹಾಗೆ. ನಮ್ಮವಳ ಎರಡನೇ ಸಲದ ಯಶಸ್ಸಿನಲ್ಲಿ ಅವಳ ಜೊತೆಗೇ ಮೇಲೆ ಹೋದ ಗೆಳತಿಯ ಪಾಲು ದೊಡ್ಡದು.

ಮಗಳನ್ನೇ ಕೇಳಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಗೆದ್ದು ಬರುವಾಗ ಕಾರಿನಲ್ಲಿ ಕೇಳಿದರೆ ಹೂಂ ಅನ್ನುತ್ತಾಳೆ. ಅಪ್ಪನ ಮುಖದಲ್ಲಿ ಹೆಮ್ಮೆ ನೋಡಿದರೂ ಹೂಂ ಅನ್ನುತ್ತಾಳೆ. ನಮ್ಮ ಮನೆಗಳ ಮಕ್ಕಳಿಗೆ ಇದು ಇನ್ನೂ ಜಾಸ್ತಿ, ಅಪ್ಪ-ಅಮ್ಮನಿಗೆ ಏನು ಬೇಕು ಅಂತ ನಾವು ಬಾಯಿ ಬಿಡುವ ಮೊದಲೇ ಗೊತ್ತಿರುತ್ತದೆ. ನಾನು ಈಗ ಮಾಡುವುದು ಹೀಗೆ. ತಲೆ ಬಾಚುವಾಗ, ಅವಳ ಮುಖ ನನಗೆ ಕಾಣದಿರುವಾಗ, ನನ್ನ ಮುಖ ಅವಳಿಗೆ ಕಾಣದಿರುವಾಗ ಕೇಳುತ್ತೇನೆ. "ಅಲ್ಲಿಗೆ ಹೋದರೆ ಮೊದಮೊದಲು ನೀನು ಶಾರ್ಟ್‌ಸ್ಟಾಪ್ ಆಡಲ್ಲ ಪುಟ್ಟಿ, ಬ್ಯಾಟಿಂಗ್‌ನಲ್ಲಿ ಕೊನೆಗೆ ಬರುತ್ತೀಯ, ಆದರೂ ಹೋಗ್ತೀಯಾ?" ಅಂತ. ಕಷ್ಟವನ್ನು ಮೊದಲು ಹೇಳಿ ಕೇಳಬೇಕು. ಮೊದಲ ವರ್ಷ ನಾನು ಹೀಗೆ ಕೇಳಿದ್ದರೆ ಅವಳು ಬೇಡ ಅನ್ನುತ್ತಿದ್ದಳು. ಎರಡನೇ ವರ್ಷ ಕೇಳಿದಾಗ, "ಗೊತ್ತು, ಆದ್ರೆ ಅಲ್ಲಿ ಸ್ಟೀಲ್ ಮಾಡಬಹುದಲ್ಲ" ಅಂದಳು. ಎರಡು ವಾರ ಬಿಟ್ಟು ಮತ್ತೆ ಕೇಳಿದೆ, ಅದೇ ಉತ್ತರ.

ಕಾಲೇಜು ತಪ್ಪಿಹೋಗುತ್ತದಾ?

ಮೈದಾನದ ಬೇಲಿ ಪಕ್ಕದಲ್ಲಿ ಈ ಭಯವನ್ನು ಹರಡುವವರು ಯಾವಾಗಲೂ ಇಬ್ಬರು ಮೂವರು ಇರುತ್ತಾರೆ. ಈಗ ಮೇಲೆ ಹೋಗದಿದ್ದರೆ ಒಳ್ಳೆಯ ಟೀಮ್ ಸಿಗಲ್ಲ, ಸ್ಕಾಲರ್‌ಶಿಪ್ ಸಿಗಲ್ಲ ಅಂತ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ನಿಯಮದ ಪ್ರಕಾರ ಡಿವಿಷನ್ 1, ಅಂದರೆ ಮೇಲ್ಮಟ್ಟದ ಕಾಲೇಜು ಟೀಮುಗಳ, ಸಾಫ್ಟ್‌ಬಾಲ್ ಕೋಚ್‌ಗಳು ಹುಡುಗಿ 11ನೇ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ಕ್ಕಿಂತ ಮೊದಲು ಅವಳ ಜೊತೆ ರಿಕ್ರೂಟಿಂಗ್ ಮಾತು ಆಡುವ ಹಾಗೇ ಇಲ್ಲ. ಏಳನೇ ಎಂಟನೇ ತರಗತಿಯ ಮಕ್ಕಳಿಂದ ಮಾತು ತೆಗೆದುಕೊಳ್ಳುವುದು ವಿಪರೀತವಾದ ಮೇಲೆ 2018ರಲ್ಲಿ ತಂದ ನಿಯಮ ಅದು. ನಿಮ್ಮ ಮಗಳಿಗೆ ಹತ್ತು ವರ್ಷ ಅಂದರೆ ಇನ್ನೂ ಆರು ವರ್ಷ ಇದೆ. ಆ ಆರು ವರ್ಷದಲ್ಲಿ ಅವಳು ಆಟವನ್ನು ಬಿಡದೆ ಇರುವುದೇ ಮುಖ್ಯ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ವಾಪಸ್ ಬರುತ್ತಿದೆ, ಪಂದ್ಯಗಳು ಒಕ್ಲಹೋಮಾ ಸಿಟಿಯಲ್ಲಿ. ಆಗ ಟೀವಿ ಮುಂದೆ ಕೂತು ನೋಡುವಷ್ಟು ಪ್ರೀತಿ ಅವಳಲ್ಲಿ ಉಳಿದಿರಲಿ ಅಂತ ನನ್ನ ಆಸೆ.

ಬೇಡ ಅಂತ ತೀರ್ಮಾನ ಮಾಡಿದರೆ ಕೋಚ್‌ಗೆ ಚಿಕ್ಕದಾಗಿ ಹೇಳಿ. "ನೀವು ಕೇಳಿದ್ದು ಬಹಳ ಸಂತೋಷ, ಈ ವರ್ಷ ಅವಳು ತನ್ನ ವಯಸ್ಸಿನವರ ಜೊತೆ ಆಡಲಿ, ನಿಮ್ಮ ಪ್ರಾಕ್ಟೀಸಿಗೆ ಆಗಾಗ ಬರಬಹುದಾ?" ಸಾಕು, ಕಾರಣ ಪಟ್ಟಿ ಮಾಡಬೇಕಿಲ್ಲ. ನಾವು ಹೀಗೆ ಹೇಳಿದ ಮೇಲೂ ನಮಗೆ ಬಾಗಿಲು ಮುಚ್ಚಲಿಲ್ಲ.

ಹೂಂ ಅಂತ ಮಾಡಿದರೆ, ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಆರು ವಾರದ ಮುಂದಿನ ಒಂದು ತಾರೀಕಿಗೆ ಗುರುತು ಹಾಕಿ, ಅವತ್ತು ಮತ್ತೆ ಕೂತು ಮಾತಾಡುವುದು ಅಂತ ಮಗಳಿಗೂ ಹೇಳಿಡಿ. ಒಂದು ಸಣ್ಣ ನೋಟ್‌ಬುಕ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಪ್ರತಿ ಆಟಕ್ಕೂ ಒಂದು ಸಾಲು. ಎಷ್ಟು ಇನಿಂಗ್ಸ್ ಮೈದಾನದಲ್ಲಿದ್ದಳು, ಎಷ್ಟು ಸಲ ಬಾಲ್ ಅವಳ ಕೈಗೆ ಬಂತು, ಎಷ್ಟು ಸಲ ಬ್ಯಾಟ್ ಹಿಡಿದಳು. ಹಿಟ್ಟು, ರನ್ನು ಬರೆಯಬೇಡಿ. ಸಾಲಿನ ಕೊನೆಗೆ ಮನೆಗೆ ಬರುವಾಗ ಅವಳು ಮೊದಲು ಆಡಿದ ಮಾತನ್ನು ಬರೆದಿಡಿ. ಆರು ವಾರದ ಸಾಲುಗಳನ್ನು ಒಟ್ಟಿಗೆ ಓದಿದರೆ ಮುಂದುವರಿಸಬೇಕಾ, ವಾಪಸ್ ಕರೆದುಕೊಂಡು ಬರಬೇಕಾ ಅಂತ ನಿಮಗೇ ಕಾಣುತ್ತದೆ. ನಮ್ಮ ಮೊದಲ ನೋಟ್‌ಬುಕ್‌ನಲ್ಲಿ "ಹಸಿವಾಗಿದೆ", "ಏನಿಲ್ಲ", "ಬಾಲ್ ಮುಟ್ಟಲೇ ಇಲ್ಲ" ಅಂತ ಇದೆ. ಎರಡನೆಯದರಲ್ಲಿ ಮೂರನೇ ವಾರದ ಸಾಲು ಹೀಗಿದೆ: ನಾಲ್ಕು ಇನಿಂಗ್ಸ್, ಐದು ಸಲ ಬಾಲ್, ಎರಡು ಸಲ ಬ್ಯಾಟ್, "ಅಮ್ಮಾ, ಆ ಥರ್ಡ್ ಬೇಸ್ ಸ್ಟೀಲ್ ನೋಡಿದ್ಯಾ?"